ರಕ್ತದಲ್ಲೇ ಇದೆಯಂತೆ

ಆದಿವಾಸಿ ಯುವಜನರನ್ನು ಕ್ರೀಡೆಗೆ ಹುರಿದುಂಬಿಸುವ ಶಿಬಿರವಂತೆ. ಬಾಗಿಲಲ್ಲೇ ನಮ್ಮ ಮಕ್ಕಳ ತಲೆಗೆ ಕಾಗದದ ಗರಿ ಸಿಕ್ಕಿಸಿ ಒಳಗೆ ಬಿಡುತ್ತಿದ್ದರು. ನಾವ್ಯಾರೂ ಜನ್ಮದಲ್ಲಿ ಗರಿ ಮುಡಿದವರಲ್ಲ. ಅಲ್ಲೇ ಕಿತ್ತೆಸೆಯಲು ಕೈ ಎತ್ತಿದೆ, ತಂಗಿಯ ಮುಖ ನೋಡಿ ಇಳಿಸಿದೆ.

ಅವಳ ಆಟ ಟೇಬಲ್ ಟೆನಿಸ್. ನಾನು ನರ್ಸ್ ಆಗಿರುವ ಆಸ್ಪತ್ರೆಯ ವಿಶ್ರಾಂತಿ ಕೋಣೆಯಲ್ಲಿ ಒಂದು ಕಾಲು ಕುಂಟುವ ಮೇಜಿದೆ. ನನ್ನ ಪಾಳಿ ಮುಗಿಯಲೆಂದು ಕಾಯುತ್ತಾ ಕಾಯುತ್ತಾ ಅಲ್ಲೇ ಕಲಿತಳು. ಈಗ ಮೂಳೆ ಡಾಕ್ಟರು ಅವಳನ್ನು ಕಂಡರೆ ಫೋನ್ ಬಂದವರ ಹಾಗೆ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಶಿಬಿರದಲ್ಲಿ ಆಯ್ಕೆಯಾದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಒಳ್ಳೆಯ ಕೋಚು. ಬರುವ ವರ್ಷ ಅವಳ ವಯಸ್ಸು ಮೀರುತ್ತದೆ, ಹಾಗಾಗಿ ಇದೇ ಕೊನೆಯ ಅವಕಾಶ.

ಬ್ಯಾಟು ಹಿಡಿದು ನಿಂತವಳನ್ನು ಶಿಬಿರದ ಅಧಿಕಾರಿ ಬಿಸ್ಕತ್ತು ಜಗಿಯುತ್ತಲೇ ಮೇಲಿಂದ ಕೆಳಗೆ ನೋಡಿದರು. ಪುಡಿಯೆಲ್ಲ ಅಂಗಿಯ ಮೇಲೆ. ಬ್ಯಾಟು ಕಸಿದು ಕುರ್ಚಿಗೆ ಎಸೆದು, ಅವಳ ಕೈಗೊಂದು ಬಿಲ್ಲು ಕೊಟ್ಟರು.

"ಇದೆಲ್ಲ ನಿಮಗ್ಯಾಕಮ್ಮ? ಬಿಲ್ಲು ನಿಮ್ಮೋರ ರಕ್ತದಲ್ಲೇ ಇದೆ."

ದಿನಾ ರಕ್ತ ತೆಗೆಯುವವಳು ನಾನು. ಸಕ್ಕರೆ ಕಂಡಿದ್ದೇನೆ, ಮಲೇರಿಯಾ ಕಂಡಿದ್ದೇನೆ, ಬಿಲ್ಲು ಕಂಡಿಲ್ಲ. ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದ, ಅಜ್ಜ ಬಸ್ ಓಡಿಸುತ್ತಿದ್ದ ಎಂದೆ. ಅಧಿಕಾರಿ ನಕ್ಕು, ಒಂದು ಬಾಣ ಬಿಡಲಿ, ಆಮೇಲೆ ಆ ಚೆಂಡಾಟ ನೋಡೋಣ ಎಂದರು.

ತಂಗಿ ಬಿಲ್ಲನ್ನು ತಲೆಕೆಳಗಾಗಿ ಹಿಡಿದಿದ್ದಳು. ಯಾರೋ ತಿರುಗಿಸಿಕೊಟ್ಟರು. ಬೇಗ ಮುಗಿದರೆ ಸಾಕೆಂದು ಕಣ್ಣು ಮುಚ್ಚಿ ಎಳೆದು ಬಿಟ್ಟಳು. ದರಿದ್ರ ಬಾಣ ಹೋಗಿ ಗುರಿಹಲಗೆಯ ನಟ್ಟನಡುವೆ ನಾಟಿತು.

ಚಪ್ಪಾಳೆಯೋ ಚಪ್ಪಾಳೆ. ಅಧಿಕಾರಿ ಅವಳ ಗರಿ ನೆಟ್ಟಗೆ ಮಾಡಿ, ಬೆನ್ನು ಸವರಿ, ಫೋಟೋದವನನ್ನು ಕರೆದರು. ಬಿಲ್ಲುಗಾರಿಕೆಯ ಸೀಟು ಅವಳದೇ ಎಂದು ಮೈಕಿನಲ್ಲಿ ಸಾರಿಯೂ ಆಯಿತು. ಟೇಬಲ್ ಟೆನಿಸ್ ಮಾತೆತ್ತಿದರೆ, ಅದಕ್ಕೆ ಬೇರೆ ಥರದ ಮಕ್ಕಳಿದ್ದಾರೆ ಎಂದರು. ಥೂ, ಆ ಕೈ ತಾಗಿದ ಬೆನ್ನನ್ನು ಸ್ಪಿರಿಟ್ ಹಾಕಿ ಒರೆಸಬೇಕೆನಿಸಿತು.

ತಂಗಿ ಅವರೆದುರು ಹೋಗಿ ನಿಂತಳು.

"ಸಾರ್, ನಾನು ಕಣ್ಣು ಮುಚ್ಕೊಂಡಿದ್ದೆ. ಇನ್ನೊಂದು ಬಾಣ ಕೊಟ್ಟು ನೋಡಿ, ಖಂಡಿತ ತಪ್ಪುತ್ತೆ."

ಅಧಿಕಾರಿ ಮತ್ತೆ ಮೈಕು ಎತ್ತಿಕೊಂಡರು.

"ಕೇಳಿದ್ರಾ? ಕಣ್ಣು ಮುಚ್ಕೊಂಡೇ ಹೊಡೆದಿದ್ದಾಳೆ. ರಕ್ತ ಅಂದ್ರೆ ಇದು."

ಎರಡನೇ ಬಾಣ ಕೊಡಲಿಲ್ಲ. ಅವಳ ಕೈಯಿಂದ ಬಿಲ್ಲು ತೆಗೆದು, ಈಜುವ ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದ ಮುಂದಿನ ಹುಡುಗಿಗೆ ಕೊಟ್ಟರು.