ಅಟ್ಟಣೆಯ ಎತ್ತರ

2025ರ ನವೆಂಬರ್ 15, ಶನಿವಾರ, ಮಧ್ಯಾಹ್ನ 2 ಗಂಟೆ 10 ನಿಮಿಷ. ರಾಮಾಪುರದ ಕಾಡಂಚಿನ ರಾಗಿ ಹೊಲದಲ್ಲಿ ನಿಂತು ಹನ್ನೊಂದನೇ ಸಲ ಗುಂಡಿ ಒತ್ತಿದೆ. ಪೆಟ್ಟಿಗೆಯ ದೀಪ ಹನ್ನೊಂದನೇ ಸಲವೂ ಕೆಂಪಗಾಯಿತು.

ಪೆಟ್ಟಿಗೆ ಸೋಪಿನ ಡಬ್ಬಿಯಷ್ಟಿದೆ, ಮೇಲೆ ಪುಟ್ಟ ಪರದೆ, ಅಕ್ಷರದ ಗುಂಡಿಗಳು, ಆಂಟೆನಾ ಒಂದು ಗೇಣು. ಅದಕ್ಕೆ ಸಿಮ್ ಬೇಡ, ಟವರ್ ಬೇಡ. ತೀರ ಕಡಿಮೆ ಶಕ್ತಿಯ ರೇಡಿಯೊ ಅಲೆಯಲ್ಲಿ ಒಂದು ಸಾಲಿನ ಸಂದೇಶವನ್ನು ಇನ್ನೊಂದು ಪೆಟ್ಟಿಗೆಗೆ ಕಳಿಸುತ್ತದೆ. ಮುಟ್ಟಿದರೆ ಹಸಿರು ದೀಪ. ಆನೆ ಬಂದರೆ ಈ ಹೊಲಗಳಿಂದ ಕೌದಳ್ಳಿಯಲ್ಲಿರುವ ಆನೆ ಓಡಿಸುವ ತಂಡಕ್ಕೆ ಸುದ್ದಿ ಹೋಗಲಿ ಎಂದು ಒಂದು ಸಂಸ್ಥೆ ಅಂಥ ಎಂಟು ಪೆಟ್ಟಿಗೆ ತಂದಿತ್ತು. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಕೊಳ್ಳೇಗಾಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನನ್ನನ್ನು ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಇಲ್ಲಿ ನಡೆಯುತ್ತದೆಯೇ? ಇಲ್ಲ ಎಂದು ಬರೆದುಕೊಟ್ಟರೆ ಸೋಮವಾರ ಎಂಟೂ ಬೇರೆ ತಾಲ್ಲೂಕಿಗೆ ಹೊರಡುತ್ತವೆ.

ಮನೆಯಲ್ಲೇ ಲೆಕ್ಕ ಹಾಕಿಕೊಂಡು ಬಂದಿದ್ದೆ. ಸಂಕೇತ 3.9 ಕಿಲೋಮೀಟರ್ ಹೋಗಬಹುದು, ಹೋಗಬೇಕಾದದ್ದು 8.6. ಕೌದಳ್ಳಿಯ ಗೊಬ್ಬರದಂಗಡಿಯ ತಾರಸಿಯ ಮೇಲೆ ಇನ್ನೊಂದು ಪೆಟ್ಟಿಗೆ ಹಿಡಿದು ಕೂತ ನಮ್ಮ ಲ್ಯಾಬಿನ ಕೋಮಲಳಿಗೆ ಬಿಸಿಲು ಕಾಯಿಸುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ನನ್ನ ಲೆಕ್ಕ ಸರಿಯಾಗಿತ್ತು. ಲೆಕ್ಕ ಸರಿಯಾದದ್ದಕ್ಕೆ ಅಷ್ಟು ಬೇಜಾರು ನನಗೆ ಎಂದೂ ಆಗಿರಲಿಲ್ಲ.

ಯಾಕೆಂದರೆ ಹೊಲದ ಪುಟ್ಟಬಸಮ್ಮ ಬೆಳಿಗ್ಗೆಯೇ ಹೇಳಿದ್ದಳು: ಹೋದ ತಿಂಗಳು ಐದು ಆನೆ ಬಂದು ಗಂಟೆಗಟ್ಟಲೆ ನಿಂತಿದ್ದವಂತೆ. ಅವಳೂ ಗಂಡ ಮಾದಸ್ವಾಮಿಯೂ ತಗಡು ಬಡಿದು ಬಡಿದು, ಕೂಗಿ ಕೂಗಿ ಗಂಟಲು ಕಟ್ಟಿಹೋದರೂ ಒಬ್ಬರೂ ಬರಲಿಲ್ಲ.

ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದೆ.

"ಅವ್ವಾ, ಮೇಡಮ್ಮೋರೇ!" ಎಂದು ತಲೆಯ ಮೇಲಿಂದ ಕೂಗು. ಹುಣಸೆಮರದ ಕಾವಲು ಅಟ್ಟಣೆಯ ಮೇಲೆ ಕಾಲು ಇಳಿಬಿಟ್ಟು ಕೂತ ಪುಟ್ಟಬಸಮ್ಮ ಕಡಲೆಕಾಯಿ ಸುಲಿಯುತ್ತಿದ್ದಳು. "ಆಗಿಂದ ನೋಡ್ತಾವ್ನಿ, ನೆಲದ ಮ್ಯಾಲೇ ನಿಂತ್ಕಂಡು ಒತ್ತೀರಲ್ಲ, ಯಾಕೆ?"

"ಆನೆ ಬಂದಾಗ ನೀವು ಒತ್ತೋ ಹಾಗೇ ಒತ್ತಿ ನೋಡ್ತಿದೀನಿ."

ಅವಳು ನಕ್ಕ ರಭಸಕ್ಕೆ ಕಡಲೆಕಾಯಿ ಸಿಪ್ಪೆ ನನ್ನ ಫಾರಂ ಮೇಲೆ ಸುರಿಯಿತು. "ಆನೆ ಬಂದಾಗ ನೆಲದ ಮ್ಯಾಲೆ ಯಾರವ್ವಾ ಇದ್ದಾರು? ನೀವಿರ್ತೀರಾ?"

"ಲೇ, ಸುಮ್ಕಿರು, ಓದಿರೋರು ಲೆಕ್ಕ ಆಕ್ತಾವ್ರೆ," ಎಂದು ಮರದ ಬುಡದಲ್ಲಿದ್ದ ಮಾದಸ್ವಾಮಿ ಗದರಿದ.

ಫಾರಂ ಮೇಲಿನ ಸಿಪ್ಪೆ ಕೊಡವಿದೆ. ಫಾರಂನಲ್ಲಿ "ಆಂಟೆನಾ ಎತ್ತರ: 1.4 ಮೀಟರ್" ಎಂದು ಮೊದಲೇ ಅಚ್ಚಾಗಿತ್ತು, ಕೈಯಲ್ಲಿ ಹಿಡಿದವರ ಎದೆಯ ಎತ್ತರ ಅದು. ಅದನ್ನೇ ಲೆಕ್ಕಕ್ಕೆ ಹಾಕಿದ್ದೆ. ನನ್ನ ಸಮೀಕರಣದೊಳಗೆ ಒಬ್ಬ ಮನುಷ್ಯ ಐದು ಆನೆಗಳ ನಡುವೆ ನಿಂತು ಶಾಂತವಾಗಿ ಗುಂಡಿ ಒತ್ತುತ್ತಿದ್ದ!

ಫಾರಂ ಹಿಂಬದಿಯಲ್ಲೇ ಮತ್ತೆ ಬರೆದೆ. ಅಟ್ಟಣೆ ಕಣ್ಣಳತೆಗೆ ಏಳು ಮೀಟರ್. ಎತ್ತರ ಐದು ಪಟ್ಟಾದರೆ ದೂರ ಐದರ ವರ್ಗಮೂಲದಷ್ಟು, ಅಂದರೆ ಎರಡೂಕಾಲು ಪಟ್ಟಿಗೆ ಸ್ವಲ್ಪ ಕಡಿಮೆ. ಉತ್ತರ: 8.7 ಕಿಲೋಮೀಟರ್.

"ಎಷ್ಟು ಮಿಗ್ತು?" ಮಾದಸ್ವಾಮಿ ಕೇಳಿದ.

"ನೂರು ಮೀಟರ್."

"ಅಷ್ಟೇಯಾ? ನಮ್ಮೆಮ್ಮೆ ಅಗ್ಗ ಕಿತ್ಕಂಡ್ರೆ ಅದ್ಕಿಂತ ದೂರ ಓಯ್ತದೆ."

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿದೆ. ಹದಿನೇಳನೇ ಮೆಟ್ಟಿಲು ಇರಲೇ ಇಲ್ಲ. ಅದನ್ನು ಯಾರೂ ಹೇಳಿರಲಿಲ್ಲ. ಪುಟ್ಟಬಸಮ್ಮ ನನ್ನ ರಟ್ಟೆ ಹಿಡಿದು ಮೇಲೆಳೆದುಕೊಂಡಳು. ಕೆಳಗೆ ರಾಗಿ, ಅದರಾಚೆ ಬಯಲು. ದೂರದಲ್ಲಿ ಕೌದಳ್ಳಿ ಕಡೆಯ ಬಿಳಿ ಚುಕ್ಕೆಗಳು. ಪೆಟ್ಟಿಗೆಯನ್ನು ಅವಳ ಕೈಗೇ ಕೊಟ್ಟೆ.

"ನೀವೇ ಒತ್ತಿ."

ಒತ್ತಿದಳು. ಒಂದು, ಎರಡು, ಮೂರು ಸೆಕೆಂಡು. ಹಸಿರು.

"ಅಯ್ಯೋ, ಅಸ್ರಾಯ್ತು ಕಣ್ರಿ!" ಎಂದು ಅವಳು ಎದ್ದು ನಿಂತಳು. ಅಟ್ಟಣೆ ತೂಗಿತು, ನಾನೂ ತೂಗಿದೆ. ಆ ಹೊತ್ತಿಗೆ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಕೋಮಲ ಬಂದಳು: "ಬಂತು." ಮತ್ತೆ: "ನಾಗಶ್ರೀ ಮೇಡಂ ಬಂತು ಬಂತು." ಮತ್ತೆ: "ಅಂಗಡಿ ಮಾದಣ್ಣ ಗೊಬ್ಬರದ ಮೂಟೆ ಮೇಲೆ ಕುಣೀತಿದಾರೆ."

"ಆ ಮಾದಣ್ಣಂಗೆ ಬರೀರಿ," ಎಂದಳು ಪುಟ್ಟಬಸಮ್ಮ, "ಓದ್ಸಲ ಕೊಟ್ಟ ಗೊಬ್ರದಲ್ಲಿ ಬರೀ ಕಲ್ಲಿತ್ತು ಅಂತ."

ಬರೆದೆ. ಹಸಿರು. ಮರುಕ್ಷಣವೇ ಉತ್ತರ: "ಮಾದಣ್ಣ ಕುಣಿತ ನಿಲ್ಸಿದ್ರು."

ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಿತು. ಆದರೂ ಒಂದೆರಡು ಸಲ ಮುಟ್ಟಿದ್ದನ್ನು ನಂಬಿ ವರದಿ ಬರೆಯಲಾಗದು. ಇಪ್ಪತ್ತು ಸಂದೇಶ ಕಳಿಸಿದೆವು. ಹತ್ತೊಂಬತ್ತು ಮುಟ್ಟಿದವು, ಒಂದು ತಪ್ಪಿದ್ದು ಮಾದಸ್ವಾಮಿ ಮೇಲೆ ಬಂದು ಆಂಟೆನಾಕ್ಕೆ ಒತ್ತಿಕೊಂಡಂತೆ ಸ್ಟೀಲ್ ಕ್ಯಾರಿಯರ್ ಇಟ್ಟಾಗ. "ನೋಡು, ನೀನು ಬಂದೆ, ಕೆಂಪಾಯ್ತು," ಎಂದು ಪುಟ್ಟಬಸಮ್ಮ ಕ್ಯಾರಿಯರ್ ತೆಗೆದು ಅವನ ತಲೆಯ ಮೇಲಿಟ್ಟಳು.

ಅಲ್ಲೇ ಕೂತು ಫಾರಂ ತುಂಬಿದೆ. ಇದು ಇಲ್ಲಿ ನಡೆಯುತ್ತದೆಯೇ? ನಡೆಯುತ್ತದೆ. ಷರತ್ತು: ಬಳಸುವವರು ಅಟ್ಟಣೆಯ ಮೇಲಿರಬೇಕು. ಇರುತ್ತಾರೆ. ಪೆಟ್ಟಿಗೆಗಳು ಎಲ್ಲಿರಬೇಕು? ಇಲ್ಲೇ.

ಉಳಿದದ್ದು ಒಂದು ಕಾಲಂ. ಕಣ್ಣಳತೆ ಅಲ್ಲಿ ಸಾಲದು. ಟೇಪಿನ ತುದಿಯನ್ನು ಮಾದಸ್ವಾಮಿಗೆ ಕೊಟ್ಟೆ. ಅವನು ಇಳಿದು ನೆಲಕ್ಕೆ ಒತ್ತಿ ಹಿಡಿದ. ನಾನು ಆಂಟೆನಾದ ಬುಡದ ಹತ್ತಿರ ಓದಿ, ಅಚ್ಚಾಗಿದ್ದ 1.4 ಅನ್ನು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: 7.12 ಮೀಟರ್.