ಬಣ್ಣ ಗೊತ್ತಿಲ್ಲದ ಹೂವು

ನಮ್ಮ ಚಿಕ್ಕಮ್ಮ ಹಲ್ಲು ಕಟ್ಟುವವಳು. ದಂತವೈದ್ಯರು ಅಚ್ಚು ತೆಗೆದು ಕಳಿಸಿದರೆ, ಲ್ಯಾಬಿನಲ್ಲಿ ಕೂತು ಪಕ್ಕದ ಹಲ್ಲಿಗೆ ಹೊಂದುವಂಥ ಹಲ್ಲು ಮಾಡಿಕೊಡುತ್ತಾಳೆ. ಬಿಳಿಯಲ್ಲಿ ಎಷ್ಟು ಬಗೆಯ ಬಿಳಿಯಿದೆ ಎಂದು ನನಗೆ ಕಲಿಸಿದವಳು ಅವಳೇ: ಟೀ ಕುಡಿಯುವವರ ಬಿಳಿ, ವಯಸ್ಸಾದವರ ಬಿಳಿ, ಹಾಲುಹಲ್ಲಿನ ನೀಲಿ ಬೆರೆತ ಬಿಳಿ. ಹಲ್ಲಿಗೆ ಬಣ್ಣ ಕೊಡುವ ಕೂದಲೆಳೆಯಂಥ ಕುಂಚದಿಂದಲೇ ಅವಳು ಒಂದು ಬೆಳಿಗ್ಗೆ, ನಮ್ಮ ಕಿಟಕಿಯ ಕುಂಡದಲ್ಲಿ ಅರಳಿದ್ದ ಕೆಂಪು ಅಮರಿಲ್ಲಿಸ್‌ಗೆ ಯಾವುದೋ ಕ್ಲಿನಿಕ್ಕಿನ ಬಿಳಿ ಅಮರಿಲ್ಲಿಸ್‌ನ ಪರಾಗ ಮುಟ್ಟಿಸಿದ್ದಳು.

"ನಿನ್ನ ಮದುವೆ ಬಿಟ್ಟು ಲೋಕದ್ದೆಲ್ಲಾ ಮಾಡ್ಸು" ಎಂದು ಅಜ್ಜಿ ಗೊಣಗಿದ್ದಳು.

"ಇವಕ್ಕಾದ್ರೆ ಮದುವೆ ಊಟ ಹಾಕ್ಸೋ ಖರ್ಚಿಲ್ಲ ಅಮ್ಮ" ಎಂದಿದ್ದಳು ಚಿಕ್ಕಮ್ಮ.

ಸುಟ್ಟ ಕಾಗದದ ಚೂರಿನಂಥ ಕಪ್ಪು ಬೀಜಗಳಾದವು. ಬಿತ್ತಿದ್ದರಲ್ಲಿ ಉಳಿದದ್ದು ಒಂದೇ ಸಸಿ. ಅದು ಹುಲ್ಲಿನ ಎಸಳಿನಂತೆ ಹುಟ್ಟಿ, ವರ್ಷದಿಂದ ವರ್ಷಕ್ಕೆ ಕೆಳಗೆ ದಪ್ಪಗಾಗುತ್ತಾ ಈರುಳ್ಳಿಯಂಥ ಗಡ್ಡೆಯಾಯಿತು. ಬೀಜದಿಂದ ಬಂದದ್ದು ಯಾವ ಬಣ್ಣ ಬಿಡುತ್ತದೆಂದು ಅರಳುವ ತನಕ ಯಾರಿಗೂ ತಿಳಿಯುವುದಿಲ್ಲ. ಈ ಸಲ ಅದು ಮೊದಲ ಹೂ ಬಿಡುವಷ್ಟು ಬಲಿತಿತ್ತು. ಅದಕ್ಕೆ ಮುಂಚೆ ನಿದ್ದೆ ಬೇಕು. ಚಿಕ್ಕಮ್ಮ ನೀರು ನಿಲ್ಲಿಸಿ, ಎಲೆ ಒಣಗಿದ ಮೇಲೆ ಕುಂಡವನ್ನು ಮೆಟ್ಟಿಲ ಕೆಳಗಿನ ಕತ್ತಲ ಗೂಡಿನಲ್ಲಿಟ್ಟಳು. ಅಷ್ಟರಲ್ಲಿ ಅವಳನ್ನು ಬೇರೆ ಊರಿನ ಲ್ಯಾಬಿಗೆ ಹೊಸಬರಿಗೆ ಕೆಲಸ ಕಲಿಸಲು ಕಳಿಸಿದರು.

"ಒಂದು ಹನಿ ನೀರೂ ಹಾಕ್ಬೇಡಿ. ಸತ್ತಿಲ್ಲ, ಮಲಗಿದೆ" ಎಂದು ಹೊರಡುವಾಗ ಎಲ್ಲರ ಮುಖ ನೋಡಿ ಹೇಳಿದಳು. ನಾವೆಲ್ಲ ತಲೆಯಾಡಿಸಿದೆವು.

ಆದರೆ ನಮ್ಮದು ಅಜ್ಜಿಯ ಕತೆ ಕೇಳಿ ಬೆಳೆದ ಮನೆ. ಅವಳ ಕತೆಗಳಲ್ಲೆಲ್ಲ ಬಾಯಾರಿದವರು ಯಾರಾದರೂ ಬಾಗಿಲಿಗೆ ಬರುತ್ತಿದ್ದರು: ಮುದುಕಿ, ನರಿ, ಒಮ್ಮೆ ಒಂದು ಒಣಗಿದ ಹೊಳೆ. ಇಲ್ಲ ಎಂದವರ ಬಾವಿ ಬೆಳಗಾಗುವಷ್ಟರಲ್ಲಿ ಕಲ್ಲಾಗಿರುತ್ತಿತ್ತು. ನಾನು ಮಾತ್ರ ಆ ಗೂಡಿನ ಬಾಗಿಲು ಮುಟ್ಟಲಿಲ್ಲ. ಮೆಟ್ಟಿಲ ಮೇಲೆ ಕೂತು, ಕೆಳಗೆ ಮಲಗಿರುವುದು ಯಾವ ಬಣ್ಣದ ಕನಸು ಕಾಣುತ್ತಿರಬಹುದು ಎಂದು ಊಹಿಸುವುದೇ ನನಗೆ ಸಾಕಾಗಿತ್ತು.

ಚಿಕ್ಕಮ್ಮ ಮರಳಿ ಬಂದವಳು ಚಪ್ಪಲಿ ಬಿಡುತ್ತಲೇ ಗೂಡಿನ ಬಾಗಿಲು ತೆಗೆದಳು. ಕೊಳೆತ ವಾಸನೆ ಮೊದಲು ಬಂತು. ಮಣ್ಣು ಕೆಸರಾಗಿತ್ತು. ಗಡ್ಡೆಯ ಒಂದು ಮಗ್ಗುಲು ಬೆರಳಿಟ್ಟರೆ ಒಳಗೆ ಹೋಗುವಷ್ಟು ಮೆತ್ತಗಿತ್ತು. ಇಷ್ಟಾದರೂ ಅದರ ಕತ್ತಿನಿಂದ ಗೇಣುದ್ದದ ಬಿಳಿಚಿದ ದಂಟೊಂದು ಎದ್ದಿತ್ತು. ತುದಿಯಲ್ಲಿ ಬಿಗಿಯಾಗಿ ಮುಚ್ಚಿದ ಮೊಗ್ಗು.

"ನೀರು ಹಾಕಿದ್ದು ಯಾರು?"

ಲಿಫ್ಟ್ ರಿಪೇರಿ ಮಾಡುವ ನಮ್ಮ ಮಾವ ಗೋಡೆ ನೋಡಿದ. "ನಾನು... ಒಂದ್ ಲೋಟ. ಆಗಾಗ. ಪಾಪ ಅನ್ನಿಸ್ತು."

"ನೀನೂ ಹಾಕ್ತಿದ್ಯೇನೋ?" ಎಂದಳು ಅಜ್ಜಿ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಚೆನ್ನಾಗಿದೆ" ಎಂದಳು ಚಿಕ್ಕಮ್ಮ. "ನನ್ನ ಗಡ್ಡೇನ ಪ್ರೀತಿ ಮಾಡಿ ಮುಳುಗಿಸಿದೀರಿ."

ಅವಳು ಗಡ್ಡೆಯನ್ನು ಕಿತ್ತು ತೊಳೆದು, ತಟ್ಟೆಯ ಮೇಲೆ ಮಲಗಿಸಿ ತಿರುಗಿಸಿ ತಿರುಗಿಸಿ ನೋಡಿದಳು. ಅರ್ಧ ಹೋಗಿತ್ತು, ಅರ್ಧ ಇನ್ನೂ ಗಟ್ಟಿಯಿತ್ತು.

"ಮೊಗ್ಗಂತೂ ಇದೆ. ಅರಳಲಿ ಬಿಡೇ" ಎಂದಳು ಅಜ್ಜಿ ಮೆಲ್ಲಗೆ.

"ಅರಳುತ್ತೆ. ಒಳಗೆ ಉಳಿದಿರೋದನ್ನೆಲ್ಲ ಆ ಹೂವಿಗೆ ಸುರಿದುಬಿಡುತ್ತೆ. ಆಮೇಲೆ ಗಡ್ಡೆ ಸಾಯುತ್ತೆ."

"ಇಲ್ದಿದ್ರೆ?"

"ಈಗಲೇ ದಂಟು ಕತ್ತರಿಸಿ, ಕೊಳೆತಿದ್ದು ತೆಗೆದು, ಗಟ್ಟಿ ಭಾಗಾನ ಹೋಳು ಮಾಡ್ಬೇಕು. ಒಂದೊಂದು ಹೋಳಿಗೂ ಬುಡ ಒಂಚೂರು ಅಂಟಿರ್ಬೇಕು. ತೇವದ ಮರಳಲ್ಲಿಟ್ರೆ ಮರಿ ಗಡ್ಡೆ ಹುಟ್ಟುತ್ತೆ. ಹೂ ಬರೋಕೆ ಮತ್ತೆ ವರ್ಷಗಟ್ಟಲೆ."

"ನಿಂಗೆ ವರ್ಷ ಇದೆ" ಎಂದಳು ಅಜ್ಜಿ. "ನಂಗೆ?"

ಚಿಕ್ಕಮ್ಮ ಚಾಕು ತಂದು ತಟ್ಟೆಯ ಪಕ್ಕ ಇಟ್ಟಳು. ಕೈಗೆತ್ತಿಕೊಳ್ಳಲಿಲ್ಲ. ನಾನು ಅಜ್ಜಿಯ ಪರ. ಕತೆ ಕೇಳಿ ಬೆಳೆದವಳಿಗೆ ಮುಚ್ಚಿದ್ದು ತೆರೆಯಲೇಬೇಕು.

"ಒಂದ್ಸಲ ನೋಡಿಬಿಡೋಣ ಚಿಕ್ಕಮ್ಮ. ಆಮೇಲೆ ಹೋದ್ರೆ ಹೋಗ್ಲಿ."

"ಬರೀ ನೋಡೋಕೆ ಬೆಳೆಸಿದೀನಿ ಅಂದ್ಕೊಂಡ್ಯಾ?"

"ಮತ್ಯಾಕೆ?"

ಅವಳು ಮೊಗ್ಗನ್ನು ಬೆರಳ ತುದಿಯಿಂದ ಮುಟ್ಟಿದಳು. "ನಾನು ದಿನವಿಡೀ ಮಾಡೋದು ಏನು ಹೇಳು? ಪಕ್ಕದ ಹಲ್ಲು ಹ್ಯಾಗಿದ್ಯೋ ಹಾಗೇ ಇನ್ನೊಂದು. ಕಟ್ಟಿದ ಹಲ್ಲು ಅಂತ ಎಷ್ಟು ಗೊತ್ತಾಗಲ್ವೋ ಅಷ್ಟು ಒಳ್ಳೇ ಕೆಲಸ. ಇದೊಂದು ಯಾವುದಕ್ಕೂ ಹೊಂದ್ಬೇಕಾಗಿಲ್ಲ. ಇಂಥದ್ದು ಎಲ್ಲೂ ಇಲ್ಲ. ಇದು ನಂಗೆ ಕಾಣದಿದ್ರೂ ಪರವಾಗಿಲ್ಲ, ಇರ್ಬೇಕು ಕಣೇ."

ಹಾಗೆಂದು ಚಾಕು ಎತ್ತಿಕೊಂಡಳು. ಅಜ್ಜಿ ಮುಖ ತಿರುಗಿಸಲಿಲ್ಲ. ಹತ್ತಿರ ಬಂದು ತಟ್ಟೆ ಅಲುಗದಂತೆ ಹಿಡಿದುಕೊಂಡಳು. ಕಿತ್ತಳೆ ತೊಳೆಯಂಥ ಬಿಳಿ ಹೋಳುಗಳು ಒಂದೊಂದಾಗಿ ಬಿದ್ದವು. ಚಿಕ್ಕಮ್ಮ ಅವನ್ನು ಆರಿಸಿ, ಮರಳಿನ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ತನ್ನ ಬೀರುವಿನ ಮೇಲಿಟ್ಟಳು. ಕಸಕ್ಕೆ ಹೋಗಲಿದ್ದ ದಂಟನ್ನು ನಾನು ಎತ್ತಿ ನೀರಿನ ಲೋಟದಲ್ಲಿ ನಿಲ್ಲಿಸಿದೆ.

"ಅಷ್ಟು ಎಳೇದು ಅರಳಲ್ಲ" ಎಂದಳು ಚಿಕ್ಕಮ್ಮ.

ಅರಳಿತು. ಎಲ್ಲರೂ ಆಸೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ, ಅಡುಗೆಮನೆಯ ಕಟ್ಟೆಯ ಮೇಲೆ, ಅಂಗೈಗಿಂತ ಚಿಕ್ಕದಾಗಿ, ಹಿಂದಿನ ಗೋಡೆ ಕಾಣುವಷ್ಟು ತೆಳ್ಳಗೆ.

"ತಿಳಿಗುಲಾಬಿ" ಎಂದ ಮಾವ.

"ಅಲ್ಲ, ಸೂರ್ಯ ಹುಟ್ಟೋಕೆ ಮುಂಚಿನ ಮೋಡದ್ದು" ಎಂದೆ ನಾನು.

"ಅದು ಪೇಂಟ್ ಅಂಗಡೀಲಿ ಸಿಗುತ್ತೇನಮ್ಮಾ?" ಎಂದು ಮಾವ ನನ್ನನ್ನು ಕೆಣಕಿದ.

ಅಜ್ಜಿ ಲೋಟವನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದಳು. "ನೀನೇ ಹೇಳೇ, ಬಣ್ಣ ನೋಡೋ ಕೆಲಸ ನಿಂದಲ್ವಾ?"

ಚಿಕ್ಕಮ್ಮ ದಳವನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು. ಅಜ್ಜಿಗೆ ಹಿತವಾಗುವಂಥದ್ದೇನಾದರೂ ಹೇಳಿಬಿಡುತ್ತಾಳೆ ಎಂದುಕೊಂಡೆ.

"ಗೊತ್ತಿಲ್ಲ ಅಮ್ಮ. ಕತ್ತಲಲ್ಲಿ ಬೆಳೆದು, ಹಸಿದು ಅರಳಿದ್ದು. ಇದರ ಬಣ್ಣ ಇದಲ್ಲ."

"ಅಂದ್ರೆ ನಾನಿನ್ನೂ ನೋಡೇ ಇಲ್ಲ ಅನ್ನು."

"ನೋಡಿಲ್ಲ."

ಅಜ್ಜಿ ಲೋಟ ಕೆಳಗಿಟ್ಟಳು. ಮೋಸಹೋದವಳಂತೆ "ಆ ಚೀಲ ಕೊಡು ಇಲ್ಲಿ" ಎಂದು ಕೈ ಚಾಚಿದಳು.

ಚಿಕ್ಕಮ್ಮ ಅನುಮಾನಿಸಿದಳು. ಆಮೇಲೆ ಹೋಗಿ ತಂದು ಅವಳ ಕೈಯಲ್ಲಿಟ್ಟಳು. ಅಜ್ಜಿ ಕಿಟಕಿಯ ಬೆಳಕಿಗೆ ಹಿಡಿದು ಚೀಲವನ್ನು ಮೆಲ್ಲಗೆ ತಿರುಗಿಸಿದಳು.

"ಏನೂ ಕಾಣ್ತಿಲ್ವಲ್ಲೇ."

"ಇಷ್ಟು ಬೇಗ ಕಾಣಲ್ಲ ಅಮ್ಮ."

"ಆಗ್ಲಿ" ಎಂದಳು ಅಜ್ಜಿ, ಮತ್ತೆ ನೋಡುತ್ತಲೇ ನಿಂತಳು.