ಅವರ ಜೇಬು

ಹಳೆಯ ಕಂಪ್ಯೂಟರನ್ನು ಶುರು ಮಾಡಿ, ಎರಡು ಬಕೆಟ್ ಬಟ್ಟೆ ಒಗೆದು ಹಿಂಡಿ ಬಂದರೂ ಅದು ಇನ್ನೂ ಆಕಳಿಸುತ್ತಲೇ ಇರುತ್ತಿತ್ತು. ಅದರೊಳಗಿದ್ದ ಮನೆಲೆಕ್ಕದ ಸಾಫ್ಟ್‌ವೇರ್ ಅದಕ್ಕಿಂತ ಹಳೆಯದು. ಅದನ್ನು ಮಾಡಿದ ಕಂಪನಿಯೇ ಬಾಗಿಲು ಹಾಕಿ ಆರು ವರ್ಷವಾಗಿತ್ತು. ಈಗ ಮನೆಗೆ ತಂದ ಹೊಸ ಕಂಪ್ಯೂಟರ್ ಆ ಸಾಫ್ಟ್‌ವೇರನ್ನು ಹೊಸಿಲು ದಾಟಲೂ ಬಿಡಲಿಲ್ಲ. ಹಾಗಾಗಿ ಆ ಶನಿವಾರ ಮಧ್ಯಾಹ್ನ, ಹದಿನೇಳು ವರ್ಷದ ಲೆಕ್ಕವನ್ನು ಹೊಸ ಸಾಫ್ಟ್‌ವೇರಿಗೆ ಸಾಗಿಸಿಕೊಡಲು ನಾದಿನಿ ಬಂದಿದ್ದಳು. ಬಸ್ ಡಿಪೋದಲ್ಲಿ ಟಿಕೆಟ್ ದುಡ್ಡು ತಾಳೆ ನೋಡುವ ಕೆಲಸ ಅವಳದು. ತಾಳೆಯಾಗದ ಲೆಕ್ಕ ಕಂಡರೆ ಅವಳಿಗೆ ಊಟ ಸೇರುವುದಿಲ್ಲ.

“ಹಳೇ ಗಂಡನ ಪಾದವೇ ಗತಿ ಅಂತ ಇನ್ನೂ ಎಷ್ಟು ದಿನ ಇದನ್ನೇ ಹಿಡ್ಕೊಂಡು ಕೂತಿರ್ತೀರಿ, ಅತ್ತಿಗೆ?” ಎಂದು ನಕ್ಕವಳು, ಅಂದದ್ದೇನೆಂದು ಹೊಳೆದು ನಾಲಿಗೆ ಕಚ್ಚಿಕೊಂಡಳು. ಆ ಗಂಡ ಅವಳ ಸ್ವಂತ ಅಣ್ಣ. ಲಿಫ್ಟ್ ರಿಪೇರಿ ಮಾಡುತ್ತಿದ್ದವನು ಹದಿನಾಲ್ಕು ತಿಂಗಳ ಹಿಂದೆ, ಬೆಳಗ್ಗೆ ಕೆಲಸಕ್ಕೆ ಕೈಹಚ್ಚುವ ಮೊದಲೇ ಎದೆ ಹಿಡಿದುಕೊಂಡು ಕುಸಿದಿದ್ದ.

ಅತ್ತಿಗೆ ಬೇಸರ ಮಾಡಿಕೊಳ್ಳಲಿಲ್ಲ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಹೆಂಗಸು, ಒಂದು ಮಾತಿಗೆಲ್ಲ ಒಡೆಯುವವಳಲ್ಲ. ಅವಳ ಭಯ ಬೇರೆಯೇ ಇತ್ತು.

ಆ ಲೆಕ್ಕದಲ್ಲಿ ನಾಲ್ಕು ಖಾತೆಗಳು: ಬ್ಯಾಂಕು, ಅಡುಗೆಮನೆ ಡಬ್ಬಿ, ನನ್ನ ಬ್ಯಾಗು, ಅವರ ಜೇಬು. ಹೆಸರಿಟ್ಟವಳು ಅವಳೇ. ಗಂಡ ದಿನಾ ಸಂಜೆ ಜೇಬಿನ ದುಡ್ಡು ಎಣಿಸಿ, ಚಿಲ್ಲರೆ ಸಮೇತ ಬರೆದಿಟ್ಟೇ ಕೈತೊಳೆಯುತ್ತಿದ್ದ. ಆದರೆ ದುಡ್ಡು ಬೇಕು ಎಂದು ಹೆಂಡತಿಯ ಹತ್ತಿರ ಬಾಯಿಬಿಟ್ಟು ಕೇಳಿದವನಲ್ಲ. ಜೇಬು ಬರಿದಾಗುತ್ತಿರುವುದು ಸ್ಕ್ರೀನಿನಲ್ಲಿ ಕಂಡಾಗ ಅವಳು ತನ್ನ ಬ್ಯಾಗಿನಿಂದ ಒಂದೆರಡು ನೋಟು ತೆಗೆದು ಅವನ ಪರ್ಸಿಗೆ ತುರುಕಿ, ‘ಬ್ಯಾಗಿನಿಂದ ಜೇಬಿಗೆ’ ಎಂದು ಬರೆದಿಡುವಳು. ಮರುದಿನ ಅದರ ಷರಾದಲ್ಲಿ ಅವನದೊಂದೇ ಪದ ಇರುತ್ತಿತ್ತು: ಸಿಕ್ಕಿತು. ಪ್ರೀತಿ ಗೀತಿ ಎಂದು ಅವರಿಬ್ಬರು ಆಡಿಕೊಂಡದ್ದೆಲ್ಲ ಅಷ್ಟರಲ್ಲೇ.

ಇನ್ನೊಂದು ನೇಮವೂ ಇತ್ತು. ಪ್ರತಿ ತಿಂಗಳ ಮೊದಲ ಭಾನುವಾರ ಅವನಿಗೆ ಕಟಿಂಗ್. ತಲೆಯಲ್ಲಿದ್ದದ್ದೇ ನಾಲ್ಕು ಕೂದಲು, ಅದಕ್ಕೆ ನೂರೈವತ್ತು ಸುರಿಯುತ್ತೀರಲ್ಲ ಎಂದು ಅವಳು ಛೇಡಿಸುತ್ತಿದ್ದಳು. ಆ ಖರ್ಚು ತಾನಾಗಿ ಬಿದ್ದುಕೊಳ್ಳುವಂತೆ ಅವನು ಸಾಫ್ಟ್‌ವೇರಿಗೆ ಕಲಿಸಿಟ್ಟಿದ್ದ. ಅವನು ಹೋದ ಮೇಲೂ ಅದು ನಿಲ್ಲಲಿಲ್ಲ. ಮೊದಲ ಭಾನುವಾರ ಬಂತೆಂದರೆ ‘ಅವರ ಜೇಬು – ಕಟಿಂಗ್ – 150’. ಒಂದು ಗುಂಡಿ ಒತ್ತಿದ್ದರೆ ನಿಲ್ಲುತ್ತಿತ್ತು. ಅವಳು ಒತ್ತಲಿಲ್ಲ. ಬಾಯಲ್ಲಿ ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಹೀಗೆ ಸತ್ತವನು ಹದಿನಾಲ್ಕು ಸಲ ಕಟಿಂಗ್ ಮಾಡಿಸಿಕೊಂಡಿದ್ದ.

ಕೊನೆಯ ಸಂಜೆ ಅವನು ಎಣಿಸಿಟ್ಟದ್ದು ಎರಡು ಸಾವಿರದ ಇನ್ನೂರ ನಲವತ್ತು. ಲೆಕ್ಕದಲ್ಲಿ ಈಗ ಉಳಿದಿದ್ದದ್ದು ಬರೀ ನೂರ ನಲವತ್ತು. ಹೊಸ ಸಾಫ್ಟ್‌ವೇರಿನದು ಒಂದೇ ಹಟ: ಸಾಗಿಸುವ ಮುಂಚೆ ಪ್ರತಿ ಖಾತೆಯಲ್ಲೂ ನಿಜವಾಗಿ ಎಷ್ಟಿದೆ ಎಂದು ಎಣಿಸಿ ಹೇಳಬೇಕು. ಇವತ್ತು ಪರ್ಸು ತೆರೆಯುವುದು, ಖರ್ಚೇ ಆಗದ ಆ ಎರಡು ಸಾವಿರದ ನೂರನ್ನು ಕಣ್ಣಾರೆ ನೋಡುವುದು, ಅತ್ತುಬಿಡುವುದು ಎಂದು ಅವಳು ಗಟ್ಟಿ ಮನಸ್ಸು ಮಾಡಿದ್ದಳು. ಅದನ್ನು ಕಂಡ ಮೇಲಾದರೂ ಅವನಿಲ್ಲವೆಂಬುದು ಒಳಗೆ ಇಳಿದೀತು, ರಾತ್ರಿ ಬಾಗಿಲಿನ ಕಡೆ ಕಿವಿಯಿಟ್ಟು ಮಲಗುವುದು ತಪ್ಪೀತು ಎಂಬ ಆಸೆ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಒಂದು ನಿದ್ದೆ.

ಪರ್ಸು ಕಪಾಟಿನ ಕೆಳಗಿನ ಖಾನೆಯಲ್ಲಿತ್ತು. ಆಸ್ಪತ್ರೆಯವರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿಗೆ ಚೀಟಿ ಅಂಟಿಸಿ ಕೊಟ್ಟಿದ್ದರು. ಚೀಟಿಯ ಮೇಲೆ ಅವಳದೇ ಸಹಿ. ಆವತ್ತಿನಿಂದ ಅಂಟು ಬಿಟ್ಟಿರಲಿಲ್ಲ. ಅವಳು ಕತ್ತರಿಯಿಂದ ಕತ್ತರಿಸಿದಳು. ಒಳಗಿಂದ ಗ್ರೀಸಿನ ವಾಸನೆ ಬಂತು.

ನೂರರದ್ದು ಒಂದು ನೋಟು, ಇಪ್ಪತ್ತರದ್ದು ಎರಡು. ಅವಳು ಪರ್ಸಿನ ಎಲ್ಲ ಪದರಗಳನ್ನೂ ತಡಕಿದಳು, ಚೀಲವನ್ನು ತಲೆಕೆಳಗಾಗಿ ಕೊಡವಿದಳು. ಬೇರೇನೂ ಇರಲಿಲ್ಲ.

ನಾದಿನಿ ಖುಷಿಯಿಂದ ನೂರ ನಲವತ್ತು ಎಂದು ಬರೆದಳು. ಅಣ್ಣನ ಲೆಕ್ಕ ಎಂದಾದರೂ ತಪ್ಪಿದ್ದುಂಟೇ, ಹೋದ ಮೇಲೂ ತಾಳೆಯಾಗುತ್ತದೆ ನೋಡಿ ಎಂದಳು. ಅತ್ತಿಗೆ ಮಂಚದ ಅಂಚು ಹಿಡಿದುಕೊಂಡು ಕೂತಳು.

ಅಷ್ಟರಲ್ಲಿ ಹೊಸ ಸಾಫ್ಟ್‌ವೇರ್ ಮುಂದಿನ ಪ್ರಶ್ನೆ ಕೇಳಿತ್ತು. ತಿಂಗಳು ತಿಂಗಳೂ ಬೀಳುವ ಖರ್ಚುಗಳು ಇವು, ಮುಂದುವರಿಸಬೇಕೇ? ಕರೆಂಟು, ನೀರು, ಗ್ಯಾಸು ಎಂದು ಓದುತ್ತಾ ಹೋದ ನಾದಿನಿ ಗಕ್ಕನೆ ನಿಂತಳು.

“ಅತ್ತಿಗೆ, ಕಟಿಂಗ್ ಇನ್ನೂ ಬೀಳ್ತಾ ಇದೆಯಾ?”

ಅತ್ತಿಗೆ ಹೌದೆಂದು ತಲೆಯಾಡಿಸಿದಳು. ನಾದಿನಿ ಹಿಂದಿನ ತಿಂಗಳುಗಳನ್ನೆಲ್ಲ ಒಂದೊಂದಾಗಿ ತೆರೆದು ನೋಡಿದಳು. ಟಿಕೆಟ್ ದುಡ್ಡು ಕೂಡುವಾಗ ಆಡುವ ಹಾಗೆ ಅವಳ ತುಟಿ ಆಡಿತು. ಆಮೇಲೆ ಮೇಜಿನ ಮೇಲಿದ್ದ ಮೂರು ನೋಟು ನೋಡಿದಳು, ಕತ್ತರಿಸಿದ ಚೀಟಿಯನ್ನು ನೋಡಿದಳು. ಆಸ್ಪತ್ರೆಯಲ್ಲಿ ಯಾರಾದರೂ ಕೈಯಾಡಿಸಿರಬೇಕು ಎಂದಳು. ಕದಿಯುವವರು ಹದಿನಾಲ್ಕು ಕಟಿಂಗ್ ಮುಂಗಡ ಎಣಿಸಿಕೊಂಡು ಕದಿಯುತ್ತಾರೆಯೇ ಎಂದು ಅತ್ತಿಗೆ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ.

“ತೆಗೆದುಬಿಡ್ಲಾ?” ನಾದಿನಿಯ ಬೆರಳು ಮೌಸಿನ ಮೇಲಿತ್ತು, ಒತ್ತುವ ಧೈರ್ಯವಿರಲಿಲ್ಲ.

ಅತ್ತಿಗೆ ಗೋಡೆಯ ಕ್ಯಾಲೆಂಡರ್ ನೋಡಿದಳು. “ನಾಳೆ ಮೊದಲನೇ ಭಾನುವಾರ ಕಣೇ. ನೂರೈವತ್ತಕ್ಕೆ ಹತ್ತು ಕಡಿಮೆ ಇದೆ.”

ಎದ್ದು ತನ್ನ ಬ್ಯಾಗಿನಿಂದ ಐನೂರರ ನೋಟು ತಂದು, ಮೇಜಿನ ಮೇಲಿದ್ದ ಮೂರು ನೋಟಿನ ಜೊತೆ ಪರ್ಸಿಗೆ ತುರುಕಿದಳು. ನಾದಿನಿಯನ್ನು ಪಕ್ಕಕ್ಕೆ ಸರಿಸಿ, ಹೊಸ ಸಾಫ್ಟ್‌ವೇರಿನ ಮುಂದೆ ತಾನೇ ಕೂತಳು. ಒಂದೊಂದೇ ಅಕ್ಷರ ಹುಡುಕಿ ‘ಬ್ಯಾಗಿನಿಂದ ಜೇಬಿಗೆ’ ಎಂದು ಬರೆದು ಮುಗಿಸುವಷ್ಟರಲ್ಲಿ, ಪಕ್ಕದ ಖಾಲಿ ಷರಾದಲ್ಲಿ ಪದವೊಂದು ತಾನಾಗಿ ಮೂಡಿತು.

ಸಿಕ್ಕಿತು.

ನಾದಿನಿ ಸ್ಕ್ರೀನಿಗೆ ಬಾಗಿ ನೋಡಿ, ಹಿಂದೆ ಬರೆದದ್ದನ್ನು ಈ ಸಾಫ್ಟ್‌ವೇರ್ ನೆನಪಿಟ್ಟುಕೊಂಡು ತಾನೇ ತುಂಬುತ್ತದೆ, ಅಷ್ಟೇ, ಹೆದರಬೇಡಿ ಎಂದಳು. ಇರಬಹುದು ಎಂದಳು ಅತ್ತಿಗೆ. ಆ ಪದವನ್ನು ಅಳಿಸದೆ ಉಳಿಸಿದಳು, ಕಟಿಂಗ್ ಮುಂದುವರಿಯಲಿ ಎಂದು ಒತ್ತಿದಳು. ಆಮೇಲೆ ಕಪಾಟಿನಿಂದ ಅವನ ಭಾನುವಾರದ ಪ್ಯಾಂಟನ್ನು ತೆಗೆದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಪರ್ಸನ್ನು ಅದರ ಜೇಬಿಗೆ ಇಳಿಸಿದಳು.